ಕಳ್ಳರಿಲ್ಲದೆಯೂ ಮೊಳಗುವ ಸೈರನ್: ಚಲನ ಸಂವೇದಕಗಳ ಸುಳ್ಳು ಎಚ್ಚರಿಕೆಗೆ ಕಾರಣ ಮತ್ತು ಪರಿಹಾರ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳಲ್ಲಿ ವರ್ಷದ ಬಹುಭಾಗ ಬೀಗ ಹಾಕಿರುವ ಮನೆಗಳು ಅಪರೂಪವಲ್ಲ. ಮನೆಯವರು ಬೆಂಗಳೂರು, ಮುಂಬಯಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ್ದು, ಬೇಸಗೆ ರಜೆಗೋ ಕೋಟೇಶ್ವರದ ಕೊಡಿ ಹಬ್ಬಕ್ಕೋ ಊರಿಗೆ ಬರುತ್ತಾರೆ. ಉಳಿದ ದಿನಗಳಲ್ಲಿ ಕಾವಲಿನ ಹೊಣೆ ಗೋಡೆಯ ಮೂಲೆಯಲ್ಲಿರುವ ಪುಟ್ಟ ಚಲನ ಸಂವೇದಕದ ಮೇಲಿರುತ್ತದೆ. ನಡುರಾತ್ರಿ ಸೈರನ್ ಮೊಳಗಿದರೆ ಟಾರ್ಚ್ ಹಿಡಿದು ಓಡಿ ಬರುವವರು ನೆರೆಮನೆಯವರು. ಬಂದು ನೋಡಿದರೆ ಒಳಗೆ ಹಲ್ಲಿಯ ಹೊರತು ಯಾರೂ ಇಲ್ಲ.

ಹೀಗೆ ಮೂರ್ನಾಲ್ಕು ಬಾರಿ ಆದ ಬಳಿಕ ಯಾರೂ ಏಳುವುದಿಲ್ಲ. 'ಹುಲಿ ಬಂತು ಹುಲಿ' ಎಂದು ಕೂಗಿದ ಹುಡುಗನ ಕಥೆಯಂತೆ, ನಿಜವಾಗಿ ಕಳ್ಳ ಬಂದ ದಿನವೂ ಸೈರನ್ ವ್ಯರ್ಥವಾಗಿ ಕೂಗುತ್ತದೆ. ಸುಳ್ಳು ಎಚ್ಚರಿಕೆಯ ನಿಜವಾದ ನಷ್ಟ ನಿದ್ರಾಭಂಗವಲ್ಲ, ನಂಬಿಕೆಯ ಭಂಗ. ಆದರೆ ಇದಕ್ಕೆ ಉಪಕರಣವನ್ನು ಕಿತ್ತುಹಾಕುವುದು ಪರಿಹಾರವಲ್ಲ. ಬಹುತೇಕ ಸುಳ್ಳು ಎಚ್ಚರಿಕೆಗಳಿಗೆ ಪತ್ತೆ ಹಚ್ಚಬಹುದಾದ ಕಾರಣವಿರುತ್ತದೆ.

ಸಂವೇದಕ ಕಾಣುವುದು ಏನನ್ನು?

ಮನೆಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಪಿಐಆರ್ ಎಂಬ ಸಂವೇದಕ. ಇದು ಮನುಷ್ಯನನ್ನು ಗುರುತಿಸುವುದಿಲ್ಲ. ಚಲಿಸುವ ಶಾಖವನ್ನಷ್ಟೇ ಗುರುತಿಸುತ್ತದೆ. ಮಾನವ ದೇಹದಿಂದ ಹೊರಡುವ, ಮುಖ್ಯವಾಗಿ 8ರಿಂದ 14 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು ಕಿರಣಗಳಿಗೆ ಇದು ಸ್ಪಂದಿಸುತ್ತದೆ. ಮುಂಭಾಗದ ಪ್ಲಾಸ್ಟಿಕ್ ಮಸೂರವು ಕೋಣೆಯನ್ನು ಹಲವು ಪಟ್ಟಿಗಳಾಗಿ ವಿಭಜಿಸುತ್ತದೆ. ಕೋಣೆಯೆಲ್ಲ ಒಂದೇ ಸಮನೆ ಬಿಸಿಯಾದರೆ ಒಳಗಿನ ಎರಡು ಸಂವೇದಿ ಬಿಲ್ಲೆಗಳ ಸಂಕೇತಗಳು ಒಂದನ್ನೊಂದು ರದ್ದುಪಡಿಸುತ್ತವೆ. ಶಾಖದ ಮೂಲವೊಂದು ಪಟ್ಟಿಯಿಂದ ಪಟ್ಟಿಗೆ ದಾಟಿದಾಗ ಮಾತ್ರ ಎಚ್ಚರಿಕೆ ಹೊರಡುತ್ತದೆ. ಆದ್ದರಿಂದಲೇ ಬೆಕ್ಕು, ಇಲಿ, ಬಿಸಿಗಾಳಿಯ ಅಲೆ ಮತ್ತು ಕಾದ ಪರದೆಯ ಓಲಾಟ ಇವೆಲ್ಲವೂ ಅದನ್ನು ಮೋಸಗೊಳಿಸಬಲ್ಲವು.

ಕರಾವಳಿಯ ವಿಶೇಷ ಕಾರಣಗಳು

ಹಳೆಯ ಹಂಚಿನ ಮನೆಗಳಲ್ಲಿ ಮಾಡಿನ ಸಂದಿನಿಂದ ಇಲಿ, ಬೆಕ್ಕು, ಪುನುಗುಬೆಕ್ಕುಗಳು ಒಳನುಸುಳುತ್ತವೆ. ಗಾಜಿನ ಹಂಚಿನಿಂದ ಬೀಳುವ ಬಿಸಿಲುಕೋಲು ನೆಲದ ಒಂದು ಭಾಗವನ್ನು ಕಾಯಿಸುತ್ತದೆ. ತೆಂಗಿನ ಗರಿ ಅಲುಗಿದಂತೆ ಆ ಶಾಖವೂ ಏರಿಳಿಯುತ್ತದೆ. ಮಸೂರದ ಮೇಲೆಯೇ ಹರಿದಾಡುವ ಜೇಡ ಅಥವಾ ಹಲ್ಲಿ ಸಂವೇದಕಕ್ಕೆ ದೊಡ್ಡ ಆಕೃತಿಯಂತೆ ತೋರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಪ್ರದೇಶದಲ್ಲಿ ತೇವಾಂಶ ಮತ್ತು ಉಪ್ಪುಗಾಳಿ ತಂತಿಯ ಜೋಡಣೆಗಳನ್ನು ತುಕ್ಕು ಹಿಡಿಸುತ್ತವೆ. ಸಿಡಿಲಿನ ಆಘಾತ ಹಾಗೂ ಪದೇ ಪದೇ ಹೋಗಿಬರುವ ವಿದ್ಯುತ್ ಕೂಡ ಸುಳ್ಳು ಸಂಕೇತಕ್ಕೆ ಕಾರಣವಾಗುತ್ತವೆ.

ಮೊದಲು ದಿನಚರಿ, ಬಳಿಕ ದುರಸ್ತಿ

ಸೈರನ್ ಮೊಳಗಿದ ಸಮಯ, ಹವಾಮಾನ ಮತ್ತು ಯಾವ ಕೋಣೆಯ ಸಂವೇದಕ ಎಂಬುದನ್ನು ಬರೆದಿಡಬೇಕು. ಹೆಚ್ಚಿನ ನಿಯಂತ್ರಣ ಪೆಟ್ಟಿಗೆಗಳಲ್ಲಿ ಹಿಂದಿನ ಘಟನೆಗಳ ದಾಖಲೆಯೂ ಇರುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ ಮೊಳಗಿದರೆ ಬಿಸಿಲನ್ನು ಶಂಕಿಸಬೇಕು. ಗಾಳಿಮಳೆಯ ವೇಳೆ ಮಾತ್ರವಾದರೆ ಕಿಟಕಿಯ ಸಂದು ಅಥವಾ ಪರದೆಯನ್ನು, ವಿದ್ಯುತ್ ಮರಳಿ ಬಂದಾಗಲಾದರೆ ಬ್ಯಾಟರಿಯನ್ನು ಪರೀಕ್ಷಿಸಬೇಕು. ರಾತ್ರಿ ಹೊತ್ತುಗೊತ್ತಿಲ್ಲದೆ ಮೊಳಗಿದರೆ ಪ್ರಾಣಿಗಳ ಓಡಾಟವಿರುವ ಸಾಧ್ಯತೆ ಹೆಚ್ಚು. ಆದರೆ ಕಾರಣ ತಿಳಿಯುವವರೆಗೆ ಪ್ರತಿಯೊಂದು ಕೂಗನ್ನೂ ನಿಜವೆಂದೇ ಭಾವಿಸುವುದು ಕ್ಷೇಮಕರ.

ಪರಿಹಾರ ಕ್ರಮಗಳು

* ಸಂವೇದಕವನ್ನು ನೆಲದಿಂದ 2.1ರಿಂದ 2.4 ಮೀಟರ್ ಎತ್ತರದಲ್ಲಿ, ಕಿಟಕಿಗೆ ಎದುರಾಗದಂತೆ ಮೂಲೆಯಲ್ಲಿ ಅಳವಡಿಸಬೇಕು. ಕಳ್ಳ ಅದರತ್ತ ನೇರವಾಗಿ ಬರುವುದಕ್ಕಿಂತ ಅಡ್ಡಲಾಗಿ ಹಾದುಹೋಗುವಂತಿದ್ದರೆ ಪತ್ತೆ ಸುಲಭ.
* ಗಾಜಿನ ಹಂಚು, ಫ್ರಿಜ್, ಇನ್ವರ್ಟರ್‌ಗಳತ್ತ ಮುಖ ಮಾಡಬಾರದು. ಪರದೆ, ಕ್ಯಾಲೆಂಡರ್, ಬಟ್ಟೆಯ ಹಗ್ಗಗಳನ್ನು ಎದುರಿನಿಂದ ತೆಗೆಯಬೇಕು.
* ತಂತಿ ಒಳಹೋಗುವ ರಂಧ್ರವನ್ನು ಸಿಲಿಕೋನ್‌ನಿಂದ ಮುಚ್ಚಿದರೆ ಇರುವೆ, ಜೇಡಗಳ ಕಾಟ ತಪ್ಪುತ್ತದೆ. ಮಸೂರವನ್ನು ಒಣ ಬಟ್ಟೆಯಿಂದ ಒರೆಸಬೇಕು.
* ಪಲ್ಸ್ ಎಣಿಕೆಯನ್ನು 1ರಿಂದ 2ಕ್ಕೆ ಏರಿಸಿದರೆ ಒಂದೇ ಸಂಕೇತಕ್ಕೆ ಸೈರನ್ ಮೊಳಗದು. ಬದಲಾವಣೆಯ ಬಳಿಕ ಕೋಣೆಯಲ್ಲಿ ನಡೆದಾಡಿ ಪರೀಕ್ಷಿಸುವುದು ಕಡ್ಡಾಯ. ಇಲ್ಲವಾದರೆ ಸುಳ್ಳಿನೊಡನೆ ಸತ್ಯವೂ ಮೌನವಾದೀತು.
* ಶಾಖ ಹಾಗೂ ಮೈಕ್ರೋವೇವ್ ಎರಡೂ ಚಲನೆಯನ್ನು ದೃಢಪಡಿಸಿದಾಗ ಮಾತ್ರ ಎಚ್ಚರಿಸುವ ಜೋಡಿ ತಂತ್ರಜ್ಞಾನದ ಸಂವೇದಕ ಹೆಚ್ಚು ವಿಶ್ವಾಸಾರ್ಹ. ಮೈಕ್ರೋವೇವ್ ತೆಳು ಮರದ ಗೋಡೆ, ಗಾಜುಗಳನ್ನು ದಾಟುವುದರಿಂದ ಅದರ ವ್ಯಾಪ್ತಿಯನ್ನು ಕೋಣೆಗಷ್ಟೇ ಮಿತಿಗೊಳಿಸಬೇಕು.
* ಬಾಗಿಲು, ಕಿಟಕಿಗಳಿಗೆ ಅಯಸ್ಕಾಂತದ ಸ್ವಿಚ್ ಇರಲಿ. ಹಲ್ಲಿ, ಬಿಸಿಲುಗಳಿಂದ ಇದಕ್ಕೆ ಬಾಧೆಯಿಲ್ಲ.

ವಾಹನಗಳಲ್ಲಿ ಇನ್ನಷ್ಟು ಎಚ್ಚರ

ಮಲಗುವ ವ್ಯವಸ್ಥೆಯಿರುವ ಕ್ಯಾರವಾನ್‌ಗಳಲ್ಲಿ ಸಮಸ್ಯೆ ತೀವ್ರವಾಗಿರುತ್ತದೆ. ಒಂದೆಡೆ ಸಮುದ್ರ, ಮತ್ತೊಂದೆಡೆ ಸೌಪರ್ಣಿಕಾ ನದಿಯಿರುವ ಮರವಂತೆಯಂತಹ ಸ್ಥಳದಲ್ಲಿ ವಾಹನ ನಿಲ್ಲಿಸಿದರೆ ಬಿಸಿಲಿಗೆ ತಗಡಿನ ಮೈ ಬೇಗನೆ ಕಾಯುತ್ತದೆ. ಗಾಳಿಗಂಡಿಯಿಂದ ಕಡಲಗಾಳಿ ನುಗ್ಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಲಾರಿಗಳಿಂದ ವಾಹನವೇ ಅದುರುತ್ತದೆ. ಇಲ್ಲಿ ಗಾಳಿಗಂಡಿ ಮುಚ್ಚಿ, ಪರದೆ ಕಟ್ಟಿ, ಕಂಪನ ಸಂವೇದಕದ ಸೂಕ್ಷ್ಮತೆಯನ್ನು ತಗ್ಗಿಸಬೇಕು. ಒಳಗೆ ಜನ ಮಲಗಿರುವಾಗ ಚಲನ ಸಂವೇದಕವನ್ನು ಸ್ಥಗಿತಗೊಳಿಸಿ, ಬಾಗಿಲಿನ ಸ್ವಿಚ್ಚನ್ನು ಮಾತ್ರ ಜಾಗೃತವಾಗಿಡುವುದು ಸೂಕ್ತ. ವೃದ್ಧರು ಒಂಟಿಯಾಗಿರುವ ಮನೆಗಳಲ್ಲೂ ರಾತ್ರಿ ಇದೇ ಕ್ರಮ ಅನುಕೂಲಕರ.

ನೆರೆಹೊರೆಯ ಹೊಣೆ

ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಶಬ್ದದ ಮಿತಿ 45 ಡೆಸಿಬೆಲ್. ಹೀಗಾಗಿ ಸೈರನ್ ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುವಂತೆ ಸಮಯ ನಿಗದಿಪಡಿಸಬೇಕು. ಊರಿನಲ್ಲಿರುವ ಇಬ್ಬರಿಗಾದರೂ ಸೈರನ್ ನಿಲ್ಲಿಸುವ ವಿಧಾನ ತಿಳಿದಿರಬೇಕು. ಸೈರನ್ ಕೇಳಿ ಬಂದವರು ಬಾಗಿಲು ಮುರಿದಿರುವುದನ್ನು ಕಂಡರೆ ಒಳಹೋಗದೆ 112ಕ್ಕೆ ಕರೆ ಮಾಡುವುದು ಒಳಿತು.

ಮಳೆಗಾಲ ಆರಂಭವಾಗುವ ಮುನ್ನ ಹಾಗೂ ಮುಗಿದ ಬಳಿಕ, ಹೀಗೆ ವರ್ಷಕ್ಕೆರಡು ಬಾರಿ ಬ್ಯಾಟರಿ, ತಂತಿ, ಮಸೂರಗಳನ್ನು ಪರೀಕ್ಷಿಸಿದರೆ ಬಹಳಷ್ಟು ತೊಂದರೆ ತಪ್ಪುತ್ತದೆ. ವರ್ಷಕ್ಕೊಮ್ಮೆಯೂ ವಿನಾಕಾರಣ ಕೂಗದ ಸೈರನ್‌ಗೆ ಮಾತ್ರವೇ ನೆರೆಯವರು ನಡುರಾತ್ರಿಯಲ್ಲೂ ಎದ್ದು ಬರುತ್ತಾರೆ.