ನಿಕೆಲ್–ಕ್ಯಾಡ್ಮಿಯಂ ಬ್ಯಾಟರಿ

ಮತ್ತೆ ಮತ್ತೆ ಚಾರ್ಜ್ ಮಾಡಿ ಬಳಸುವ ಈ ಬ್ಯಾಟರಿಯನ್ನು ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ರೂಪಿಸಿದ. ನಿಕೆಲ್ ಸಂಯುಕ್ತದ ಧನಫಲಕ, ಕ್ಯಾಡ್ಮಿಯಮ್ಮಿನ ಋಣಫಲಕ, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ. ಒಂದು ಕೋಶಕ್ಕೆ 1.2 ವೋಲ್ಟ್. ಆರಂಭದ ಕೋಶಗಳಿಗೆ ಅನಿಲ ಹೊರಹೋಗಲು ಕಿಂಡಿ ಬೇಕಿತ್ತು, ಆಗಾಗ ನೀರು ತುಂಬಬೇಕಿತ್ತು. ಹಾಗಾಗಿ ಅವನ್ನು ನೋಡಿಕೊಳ್ಳುವವನೊಬ್ಬ ಇದ್ದೇ ಇರುತ್ತಿದ್ದ. 1947ರಲ್ಲಿ ಗೇಯೋರ್ಗ್ ನಾಯ್ಮನ್ ಆ ಅನಿಲ ಒಳಗೇ ಇಂಗುವಂತೆ ಮಾಡಿ ಕೋಶವನ್ನು ಪೂರ್ತಿ ಮುಚ್ಚಿದ. ಆರೈಕೆಯ ಅಗತ್ಯ ತಪ್ಪಿತು, ಬ್ಯಾಟರಿ ಆಟಿಕೆ, ಶೇವರ್, ಕಾರ್ಡ್‌ಲೆಸ್ ಫೋನುಗಳ ಹೊಟ್ಟೆ ಸೇರಿತು. ಇದರ ಪರಿಸರ ಸಮಸ್ಯೆ ಬೆಳೆದದ್ದೂ ಈ ಸೌಕರ್ಯದಿಂದಲೇ: ಯಾರೂ ನೋಡಬೇಕಿಲ್ಲದ ವಸ್ತು ಸತ್ತಾಗಲೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಸೇರಿದರೆ ದಶಕಗಟ್ಟಲೆ ಅಲ್ಲೇ ಉಳಿಯುತ್ತದೆ. ಜಪಾನಿನ ಜಿಂಟ್ಸು ನದಿ ಬಯಲಿನಲ್ಲಿ ಅದು ಅಕ್ಕಿಯ ಮೂಲಕ ಮೈಗೆ ಸೇರಿ ಮೂಳೆಗಳನ್ನೇ ಮೆತ್ತಗಾಗಿಸಿತ್ತು (ಅಲ್ಲಿನ ಮೂಲ ಗಣಿ, ಬ್ಯಾಟರಿಯಲ್ಲ). ಬ್ಯಾಟರಿಯದೇ ಪಾಲು ಕಾಣಬೇಕಾದರೆ ನ್ಯೂಯಾರ್ಕ್ ರಾಜ್ಯದ ಹಡ್ಸನ್ ದಂಡೆಯ ಕೋಲ್ಡ್ ಸ್ಪ್ರಿಂಗ್ ನೋಡಬೇಕು. 1950ರ ದಶಕದ ಆರಂಭದಿಂದ 1979ರವರೆಗೆ ಅಲ್ಲಿದ್ದ ಬ್ಯಾಟರಿ ಕಾರ್ಖಾನೆಯ ತ್ಯಾಜ್ಯ ಫೌಂಡ್ರಿ ಕೋವ್ ಎಂಬ ಪುಟ್ಟ ಹಿನ್ನೀರಿನ ಕೆಸರಿನಲ್ಲಿ ತುಂಬಿಕೊಂಡಿತು. ಆ ಕೆಸರಿನ ಹುಳುಗಳು ಕೆಲವೇ ದಶಕಗಳಲ್ಲಿ ಕ್ಯಾಡ್ಮಿಯಂ ತಾಳುವಂತೆ ವಿಕಾಸಗೊಂಡವು. ತಾಳುವ ಹುಳು ಲೋಹವನ್ನು ಮೈಯಲ್ಲೇ ಇಟ್ಟುಕೊಳ್ಳುವುದರಿಂದ, ಅವುಗಳನ್ನು ತಿನ್ನುವ ಜೀವಿಗಳಿಗೆ ಇದು ಒಳ್ಳೆಯ ಸುದ್ದಿಯಲ್ಲ. ಕೊನೆಗೆ 1990ರ ದಶಕದಲ್ಲಿ ಕೆಸರನ್ನೇ ಬಾಚಿ ತೆಗೆಯಬೇಕಾಯಿತು.

ಸತುವಿನ ಅದಿರು ಕರಗಿಸಿದಾಗ ಕ್ಯಾಡ್ಮಿಯಂ ಹೇಗೂ ಬರುತ್ತದೆ, ಬ್ಯಾಟರಿಯೊಳಗೆ ಭದ್ರವಾಗಿರಲಿ ಬಿಡಿ ಎಂಬ ವಾದವೊಂದಿದೆ. ಮಾತು ಸುಳ್ಳಲ್ಲ, ಆದರೆ ಆ ಭದ್ರತೆ ಬ್ಯಾಟರಿ ಮರಳಿ ಬಂದರೆ ಮಾತ್ರ. ರೈಲು, ವಿಮಾನಗಳ ದೊಡ್ಡ ಬ್ಯಾಟರಿಗೆ ಲೆಕ್ಕ ಇಡುವವರಿದ್ದಾರೆ, ಅದರ ಲೋಹ ಮರುಬಳಕೆಗೆ ಹೋಗುತ್ತದೆ. ಬೆರಳುದ್ದದ ಕೋಶ ಕಸದ ಬುಟ್ಟಿಗೆ ಬಿದ್ದರೆ ತಿಪ್ಪೆಯಲ್ಲಿ ತುಕ್ಕು ಹಿಡಿದು ಸೋರುತ್ತದೆ. ಸುಟ್ಟರಂತೂ 767 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ಕ್ಯಾಡ್ಮಿಯಂ ಆವಿಯಾಗಿ ಹಾರುಬೂದಿಗೆ ಸೇರುತ್ತದೆ. ಹಾಗಾದರೆ ಸಂಗ್ರಹಣೆಯನ್ನೇ ಬಲಪಡಿಸಬಾರದೇಕೆ? ಮನೆಮನೆಯ ಆಟಿಕೆಯಿಂದ ಕೋಶ ಹೆಕ್ಕಿ ತರುವ ವ್ಯವಸ್ಥೆಯನ್ನು ಕಟ್ಟುವುದಕ್ಕಿಂತ ಅದನ್ನು ಮಾರದಿರುವುದು ಸುಲಭ. ಯುರೋಪ್ ಒಕ್ಕೂಟ 2006ರಲ್ಲಿ ಹಿಡಿದದ್ದು ಇದೇ ದಾರಿ: ಕೈಯಲ್ಲಿ ಒಯ್ಯುವ ಬ್ಯಾಟರಿಯಲ್ಲಿ ಕ್ಯಾಡ್ಮಿಯಂ ತೂಕದ ಶೇಕಡಾ 0.002 ಮೀರಬಾರದು. ಕಾರ್ಡ್‌ಲೆಸ್ ಡ್ರಿಲ್ಲುಗಳಂಥ ಉಪಕರಣಗಳಿಗಿದ್ದ ವಿನಾಯಿತಿ 2016ರ ಕೊನೆಗೆ ಮುಗಿಯಿತು. ಭಾರತದ 2001ರ ಬ್ಯಾಟರಿ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗಷ್ಟೇ ಅನ್ವಯವಾಗುತ್ತಿದ್ದವು. ಎಲ್ಲ ಬಗೆಯ ಬ್ಯಾಟರಿಗಳೂ ನಿಯಮದೊಳಗೆ ಬಂದದ್ದು 2022ರಲ್ಲಿ.