ವಕ್ರೀಭವನ ದೋಷ ಮತ್ತು ವಯಸ್ಸು: ಕರ್ನಾಟಕದ ಚರಿತ್ರೆ

ಕಣ್ಣಿಗೆ ಬಿದ್ದ ಬೆಳಕು ಅಕ್ಷಿಪಟದ ಮೇಲೆ ಸರಿಯಾಗಿ ಕೇಂದ್ರೀಕರಿಸದೆ ನೋಟ ಮಸುಕಾಗುವುದೇ ವಕ್ರೀಭವನ ದೋಷ. ಬೆಂಗಳೂರಿನ ದಕ್ಷಿಣ ಭಾಗದ ಕತ್ರಿಗುಪ್ಪೆಯ ಕನ್ನಡಕದಂಗಡಿಯಲ್ಲಿ ಇದು ಬರೀ ‘ಪವರ್’. ಯಾವ ವಯಸ್ಸಿಗೆ ಯಾವ ದೋಷ ಎಂಬುದನ್ನು ಸಮೀಕ್ಷೆಗಳಿಗಿಂತ ಮೊದಲು ಆಡುಮಾತೇ ಗುರುತಿಟ್ಟುಕೊಂಡಿತ್ತು. ಹತ್ತಿರದ ಅಕ್ಷರ ಕಾಣದಾದಾಗ ಹಾಕುವ ಕನ್ನಡಕ ನಮಗೆ ‘ಚಾಳೀಸು’. ಮರಾಠಿ, ಹಿಂದಿಯ ಕಡೆಯಿಂದ ಬಂದ ಆ ಪದದ ಅರ್ಥವೇ ನಲವತ್ತು.

ನಾಡಿನಲ್ಲಿ ಕನ್ನಡಕದ ಹಳೆಯ ಸಾಕ್ಷ್ಯವೂ ಹಿರಿಯರದೇ. ವಿಜಯನಗರದಲ್ಲಿ ರಾಜಗುರುವಾಗಿದ್ದು 1539ರಲ್ಲಿ ಬೃಂದಾವನಸ್ಥರಾದ ವ್ಯಾಸರಾಯರು ಕನ್ನಡಕದ ನೆರವಿನಿಂದ ಗ್ರಂಥ ಓದುತ್ತಿದ್ದುದನ್ನು ಸೋಮನಾಥ ಕವಿಯ ಸಂಸ್ಕೃತ ‘ವ್ಯಾಸಯೋಗಿಚರಿತ’ ವರ್ಣಿಸುತ್ತದೆ. ಭಾರತದಲ್ಲಿ ಕನ್ನಡಕದ ಬಳಕೆಗೆ ಇದು ಬಲವಾದ ಆಧಾರವೆಂದು ವಿದ್ವಾಂಸ ಪಿ.ಕೆ. ಗೋಡೆ ತೋರಿಸಿಕೊಟ್ಟರು. ಆದರೆ ಚಾಳೀಸು ಬೇರೆ, ಹುಟ್ಟಿನಿಂದ ಬರುವ ದೂರದೃಷ್ಟಿದೋಷ ಬೇರೆ ಎಂದು ಡಚ್ ವೈದ್ಯ ಡಾಂಡರ್ಸ್ ತಮ್ಮ ಗ್ರಂಥದಲ್ಲಿ ವಿಂಗಡಿಸಿದ್ದು 1864ರಲ್ಲಿ.

ಮಕ್ಕಳ ಲೆಕ್ಕ ತಡವಾಗಿ ಸಿಕ್ಕಿತು. ಮಸುಕಾಗಿ ಕಾಣುವುದೇ ಸಹಜ ಎಂದುಕೊಂಡ ಮಗು ದೂರು ಹೇಳುವುದಿಲ್ಲ, ಮುಂದಿನ ಬೆಂಚಿಗೆ ಹೋಗಿ ಕೂರುತ್ತದೆ, ಅಷ್ಟೆ. 1976ರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮಕ್ಕೂ, ಡಾ. ಎಂ.ಸಿ. ಮೋದಿಯವರ ಹೆಸರಾಂತ ಕಣ್ಣಿನ ಶಿಬಿರಗಳಿಗೂ ಮುಖ್ಯ ಗುರಿ ಕಣ್ಣಿನ ಪೊರೆಯಾಗಿತ್ತು. 2002ರಲ್ಲಿ ಪ್ರಕಟವಾದ ಎರಡು ಸಮೀಕ್ಷೆಗಳು ಚಿತ್ರವನ್ನು ಸ್ಪಷ್ಟಗೊಳಿಸಿದವು: ಸಮೀಪದೃಷ್ಟಿದೋಷ ದೆಹಲಿ ನಗರದ 5ರಿಂದ 15 ವರ್ಷದ ಮಕ್ಕಳಲ್ಲಿ ಶೇ. 7.4, ರಾಯಚೂರಿನ ನೆರೆಯ ಮೆಹಬೂಬ್‌ನಗರದ ಹಳ್ಳಿಗಳ ಮಕ್ಕಳಲ್ಲಿ ಶೇ. 4ರ ಆಸುಪಾಸು. ಪಟ್ಟಣದಲ್ಲಿ ಹೆಚ್ಚಾಗಲು ಎಡೆಬಿಡದ ಹತ್ತಿರದ ಓದು ಒಂದು ಕಾರಣವಾದರೆ, ಬಯಲಿನ ಬೆಳಕು ಸಿಗದಿರುವುದು ಇನ್ನೊಂದು. ಕತ್ರಿಗುಪ್ಪೆಯಂಥ ಊರುಗಳು ಬಡಾವಣೆಗಳಲ್ಲಿ ಕರಗಿಹೋದಾಗ ಮಕ್ಕಳು ಕಳೆದುಕೊಂಡದ್ದು ಆಟದ ಬಯಲನ್ನಷ್ಟೇ ಅಲ್ಲ.

ನವಜಾತ ಶಿಶುಗಳಲ್ಲಿ ಬಹುಪಾಲಿಗೆ ಸ್ವಲ್ಪ ಪ್ಲಸ್ ಪವರ್, ಅಂದರೆ ದೂರದೃಷ್ಟಿದೋಷ, ಇರುತ್ತದೆ. ಕಣ್ಣು ಬೆಳೆದಂತೆ ಅದು ಕರಗುತ್ತದೆ. ಬೆಳವಣಿಗೆ ಅಳತೆ ಮೀರಿದರೆ ಮೈನಸ್, ಅಂದರೆ ಸಮೀಪದೃಷ್ಟಿದೋಷ. ಕಣ್ಣುಗುಡ್ಡೆ ಒಂದು ಮಿಲಿಮೀಟರ್ ಹೆಚ್ಚು ಉದ್ದವಾದರೆ ಪವರ್‌ನಲ್ಲಿ ಸುಮಾರು ಎರಡೂವರೆ ಡಯಾಪ್ಟರ್ ವ್ಯತ್ಯಾಸ. ಶಾಲೆಯ ವರ್ಷಗಳಲ್ಲಿ ಏರುವ ಈ ಮೈನಸ್ ಪವರ್ ಸಾಮಾನ್ಯವಾಗಿ ಇಪ್ಪತ್ತು ದಾಟಿದ ಮೇಲೆ ನಿಲ್ಲುತ್ತದೆ. ನಲವತ್ತರ ನಂತರ ಮಸೂರ ಗಡುಸಾಗಿ, ಚಾಳೀಸು ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ.

ಅರವತ್ತರ ಆಚೆಗೊಂದು ತಿರುವು ಇದೆ. ‘ಈಗ ಕನ್ನಡಕವಿಲ್ಲದೆ ಪೇಪರ್ ಓದ್ತೀನಿ’ ಎಂದು ಅಜ್ಜ ಹಿಗ್ಗುವುದುಂಟು. ನಿಜಕ್ಕೆ ಪೊರೆ ಕಟ್ಟುತ್ತಿರುವ ಮಸೂರ ದಟ್ಟವಾಗಿ ಸಮೀಪದೃಷ್ಟಿದೋಷ ತಂದಿರುತ್ತದೆ. ಅದೇ ಅಜ್ಜನಿಗೆ ಬರುವ ಬಸ್ಸಿನ ನಂಬರ್ ಕಾಣುವುದಿಲ್ಲ.