ಸೇಬಿನ ಆಲೆಮನೆಗೆ ಬಂದವರು

ಇಂಗ್ಲೆಂಡಿನ ಪಶ್ಚಿಮಭಾಗದಲ್ಲಿ ಹೆರೆಫರ್ಡ್, ವೂಸ್ಟರ್, ಗ್ಲಾಸ್ಟರ್, ಸಾಮರ್ಸೆಟ್, ಡೆವನ್ ಎಂಬ ಸೀಮೆಗಳುಂಟು. ದ್ರಾಕ್ಷಿಯು ಸುಲಭವಾಗಿ ಪಕ್ವವಾಗದ ಆ ತಣ್ಣನೆಯ ನೆಲದಲ್ಲಿ ಸೇಬು ಯಥೇಚ್ಛವಾಗಿ ಫಲಿಸುವುದು. ಅದರ ರಸವನ್ನು ಹಿಂಡಿ, ಹುದುಗು ಬರಿಸಿ ಮಾಡಿದ ಮದ್ಯಕ್ಕೆ ಸೈಡರ್ ಎಂದು ಹೆಸರು. ಇದಕ್ಕೆ ಒದಗುವುದು ಅಂಗಡಿಯಲ್ಲಿ ಸಿಕ್ಕುವ ತಿನ್ನುವ ಸೇಬಲ್ಲ. ಕಚ್ಚಿದೊಡನೆ ಬಾಯಿ ಒಗರಾಗಿ ಉಗುಳಬೇಕೆನಿಸುವ ಜಾತಿಗಳೇ ಇದಕ್ಕೆ ಶ್ರೇಷ್ಠವಾದುವು. ಶರತ್ಕಾಲದಲ್ಲಿ ಉದುರಿದ ಹಣ್ಣನ್ನು ರಾಶಿಹಾಕಿ ಮೆತ್ತಗಾಗುವವರೆಗೆ ಬಿಡುವರು. ಬಳಿಕ ದುಂಡಗಿನ ಕಲ್ಲುದೋಣಿಯಲ್ಲಿ ಸುರಿದು, ಕುದುರೆ ಎಳೆಯುವ ಕಲ್ಲಿನ ಗಾಲಿಯಿಂದ ಜಜ್ಜುವುದು ಹಳೆಯ ಪದ್ಧತಿ. ಜಜ್ಜಿದ ತಿರುಳನ್ನು ಹೆರೆಫರ್ಡಿನವರು ಕುದುರೆಯ ಕೂದಲಿನಿಂದ ನೆಯ್ದ ಬಟ್ಟೆಯಲ್ಲಿಯೂ, ಡೆವನ್ನಿನವರು ಹುಲ್ಲಿನ ಪದರಗಳ ನಡುವೆಯೂ ಇಟ್ಟು ತಿರುಪಿನಿಂದ ಅದುಮುತ್ತಿದ್ದರು. ಇಳಿದ ರಸವು ಚಳಿಗಾಲವೆಲ್ಲ ಮರದ ಪೀಪಾಯಿಗಳಲ್ಲಿ ಮೆಲ್ಲಮೆಲ್ಲನೆ ಹುದುಗಿ, ವಸಂತದ ವೇಳೆಗೆ ಕುಡಿಯಲು ಯೋಗ್ಯವಾಗುವುದು.

ಇದನ್ನು ಸೇಬಿನ ಆಲೆಮನೆಯೆಂದು ಕರೆದರೆ ಕನ್ನಡಿಗರಿಗೆ ಬೇಗನೆ ಅರ್ಥವಾದೀತು. ಕಬ್ಬಿನ ಆಲೆಮನೆಗೆ ಬಂದವನನ್ನು ಹಾಲು ಕುಡಿಸದೆ, ಬೆಲ್ಲ ಕೊಡದೆ ಕಳುಹಿಸುವುದು ಹೇಗೆ ಒಕ್ಕಲಿಗನಿಗೆ ಒಪ್ಪದೋ, ಹಾಗೆಯೇ ಪೀಪಾಯಿಯಿಂದ ಒಂದು ಬಟ್ಟಲು ಬಗ್ಗಿಸಿಕೊಟ್ಟು ರುಚಿ ಕೇಳುವುದು ಈ ಸೀಮೆಗಳ ರೂಢಿ. ಸ್ಮೃತಿಕಾರರು ಗೌಡೀ, ಪೈಷ್ಟೀ, ಮಾಧ್ವೀ ಎಂದು ಸುರೆಯನ್ನು ಮೂರು ಬಗೆಯಾಗಿ ವಿಂಗಡಿಸಿ ಮೂರನ್ನೂ ನಿಷೇಧಿಸಿದರು. ಸೇಬಿನ ಸುರೆಯು ಅವರ ಗಣನೆಗೆ ಬಾರದಿದ್ದರೂ ತೀರ್ಪು ಬೇರೆಯಾಗುತ್ತಿರಲಿಲ್ಲ. ಆದರೆ ಆ ಆಲೆಮನೆಯ ಬಾಗಿಲಿಗೆ ಕಾಲಕಾಲಕ್ಕೆ ಯಾರು ಯಾರು ಬಂದರು, ಯಾರನ್ನು ಒಳಗೆ ಬಿಟ್ಟರು, ಯಾರನ್ನು ತಡೆದರು ಎಂಬ ವೃತ್ತಾಂತವು ಕುಡಿಯದವರೂ ತಿಳಿಯತಕ್ಕದ್ದಾಗಿದೆ.

ಮೊದಲು ಬಂದವರು ವಿದ್ವಾಂಸರು. ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದ ಸ್ಕುಡಮೋರ್ ಪ್ರಭುವು 17ನೆಯ ಶತಮಾನದಲ್ಲಿ ಹೆರೆಫರ್ಡ್ ಸೀಮೆಯ ತನ್ನ ಹೋಮ್ ಲೇಸಿ ಎಸ್ಟೇಟಿನಲ್ಲಿ ರೆಡ್‌ಸ್ಟ್ರೀಕ್ ಎಂಬ ಸೇಬನ್ನು ಬೆಳೆಸಿ ಪ್ರಸಿದ್ಧಿಗೆ ತಂದನು. 1664ರಲ್ಲಿ ಜಾನ್ ಎವೆಲಿನ್ನನು ವೃಕ್ಷಗಳನ್ನು ಕುರಿತ ತನ್ನ ಗ್ರಂಥಕ್ಕೆ ಸೈಡರಿನ ವಿಷಯವಾದ ‘ಪೊಮೊನಾ’ ಎಂಬ ಭಾಗವನ್ನು ಸೇರಿಸಿ ಪ್ರಕಟಿಸಿದನು. ಬೇಸಾಯಗಾರನ ಹಿತ್ತಲಿನ ಕೆಲಸವೊಂದು ಹೀಗೆ ರಾಯಲ್ ಸೊಸೈಟಿಯ ಚರ್ಚೆಗೆ ಏರಿತು.

ಅನಂತರ ಬಂದವನು ಸುಂಕದವನು. ಏಳು ವರ್ಷಗಳ ಮಹಾಯುದ್ಧವು 1763ರಲ್ಲಿ ಮುಗಿದಾಗ ಇಂಗ್ಲೆಂಡು ಗೆದ್ದಿತ್ತಾದರೂ ಬೊಕ್ಕಸವು ಸಾಲದಲ್ಲಿ ಮುಳುಗಿತ್ತು. ಬ್ಯೂಟ್ ಪ್ರಭುವಿನ ಮಂತ್ರಿಮಂಡಲವು ಸೈಡರಿನ ಪ್ರತಿಯೊಂದು ದೊಡ್ಡ ಪೀಪಾಯಿಯ ಮೇಲೂ 4 ಷಿಲಿಂಗು ಸುಂಕವನ್ನು ಹೇರಿತು. ಅದುವರೆಗೆ ಸುಂಕದ ಹೊರೆ ಮಾರುವವನ ಮೇಲಿತ್ತು. ಈಗ ತಯಾರಿಸುವವನೇ, ತನ್ನ ಮನೆಯವರಿಗೆಂದು ತಯಾರಿಸಿಕೊಂಡರೂ, ಕೊಡಬೇಕಾಯಿತು. ಹಣಕ್ಕಿಂತ ಹೆಚ್ಚಾಗಿ ಜನರನ್ನು ಕೆರಳಿಸಿದ್ದು ಬೇರೊಂದು ಸಂಗತಿ. ಪೀಪಾಯಿಗಳನ್ನು ಎಣಿಸುವುದಕ್ಕಾಗಿ ಅಬಕಾರಿಯ ಅಧಿಕಾರಿಯು ಗೃಹಸ್ಥನ ನೆಲಮಾಳಿಗೆಗೆ ನುಗ್ಗಬಹುದಾಗಿತ್ತು. ವ್ಯಾಜ್ಯವೆದ್ದರೆ ಪಂಚರ ಮುಂದೆ ವಿಚಾರಣೆಯೂ ಇರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲವೆಂಬ ಗಾದೆಯು ಅಲ್ಲಿಯ ರೈತರಿಗೆ ತಿಳಿದಿರಲಿಲ್ಲ, ಅನುಭವ ಮಾತ್ರ ಬಂದಿತು.

ಪಾರ್ಲಿಮೆಂಟಿನಲ್ಲಿ ವಿಲಿಯಂ ಪಿಟ್ಟನು ಈ ಮಸೂದೆಯನ್ನು ವಿರೋಧಿಸಿದನು. ಸರ್ಕಾರದ ಪಕ್ಷವನ್ನು ವಹಿಸಿದ್ದ ಜಾರ್ಜ್ ಗ್ರೆನ್‌ವಿಲ್ಲನು, ಈ ಸುಂಕ ಬೇಡವಾದರೆ ಮತ್ತೆಲ್ಲಿ ಹಾಕಬೇಕೆಂಬುದನ್ನಾದರೂ ತಿಳಿಸಿರೆಂದು ಮತ್ತೆ ಮತ್ತೆ ಗೋಗರೆದಾಗ, ಪಿಟ್ಟನು ತನ್ನ ಸ್ಥಳದಲ್ಲಿಯೇ ಕುಳಿತು, ಎಲ್ಲರೂ ಬಲ್ಲ ಕುರಿಗಾಹಿಯ ಹಾಡೊಂದನ್ನು ಅದೇ ಧಾಟಿಯಲ್ಲಿ ಗುನುಗಿದನಂತೆ. ಸಭೆಯು ನಗೆಗಡಲಲ್ಲಿ ಮುಳುಗಿತು. ‘ಸಾಧು ಕುರಿಗಾಹಿ’ ಎಂಬ ಅಡ್ಡಹೆಸರು ಗ್ರೆನ್‌ವಿಲ್ಲನಿಗೆ ಅಂಟಿಕೊಂಡಿತು. ಆದರೆ ನಗೆಯಿಂದ ಮಸೂದೆ ನಿಲ್ಲಲಿಲ್ಲ. ಸೈಡರ್ ಸೀಮೆಗಳಲ್ಲಿ ಬ್ಯೂಟ್ ಪ್ರಭುವಿನ ಪ್ರತಿಕೃತಿಗಳನ್ನು ಸುಟ್ಟರು. ಇಗರ್ಜಿಯ ಗಂಟೆಗಳಿಗೆ ಬಟ್ಟೆ ಸುತ್ತಿ ಸಾವಿನ ಮನೆಯಲ್ಲೆಂಬಂತೆ ಬಾರಿಸಿದರು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಬ್ಯೂಟನು ಅಧಿಕಾರವನ್ನು ತ್ಯಜಿಸಿದನು. ಅದಕ್ಕೆ ಬೇರೆ ಕಾರಣಗಳೂ ಇದ್ದುವು. ಅವನ ಸ್ಥಾನಕ್ಕೆ ಬಂದವನು ಆ ಸಾಧು ಕುರಿಗಾಹಿಯೇ. ಇವನೇ 1765ರಲ್ಲಿ ಅಮೆರಿಕದ ವಸಾಹತುಗಳ ಮೇಲೆ ಸ್ಟಾಂಪು ಸುಂಕವನ್ನು ಹೇರಿ, ಮುಂದೆ ಸ್ವಾತಂತ್ರ್ಯಯುದ್ಧದವರೆಗೆ ಬೆಳೆದ ಕಲಹಕ್ಕೆ ನಾಂದಿ ಹಾಡಿದನು. ಸೈಡರಿನ ಸುಂಕದ ವಿರೋಧಕ್ಕೆ ಮುಂದಾಳಾಗಿದ್ದ ವೂಸ್ಟರ್ ಸೀಮೆಯ ಪ್ರತಿನಿಧಿ ವಿಲಿಯಂ ಡೌಡ್ಸ್‌ವೆಲ್ಲನು 1765ರಲ್ಲಿ ತಾನೇ ಅರ್ಥಸಚಿವನಾದನು. ಮರುವರ್ಷ, 1766ರಲ್ಲಿ, ಸ್ಟಾಂಪು ಸುಂಕವೂ ಮನೆಯ ಸೈಡರಿನ ಸುಂಕವೂ ರದ್ದಾದುವು. ಸಾಮರ್ಸೆಟ್ ಸೀಮೆಯ ವೃದ್ಧ ಜಮೀನುದಾರ ವಿಲಿಯಂ ಪಿನ್‌ಸೆಂಟನು ಬಂಧುವಲ್ಲದ ಪಿಟ್ಟನಿಗೆ ತನ್ನ ಎಸ್ಟೇಟನ್ನೇ ಮರಣಶಾಸನದಿಂದ ಬಿಟ್ಟುಹೋದನು. ಈ ಸುಂಕವನ್ನು ವಿರೋಧಿಸಿದ್ದಕ್ಕೆ ಅದು ಕೃತಜ್ಞತೆಯೆಂದು ಪ್ರತೀತಿ. ಪಿಟ್ಟನು ಆತನ ನೆನಪಿಗಾಗಿ ಎತ್ತಿಸಿದ ಸುಮಾರು 140 ಅಡಿ ಎತ್ತರದ ಸ್ತಂಭವು ಈಗಲೂ ಕರಿ ರಿವೆಲ್ ಗ್ರಾಮದ ಬಳಿ ನಿಂತಿದೆ.

ಸುಂಕದವನು ಹಿಂದೆ ಸರಿದ ಮರುವರ್ಷವೇ ಇನ್ನೊಬ್ಬನು ಬಂದನು. ಡೆವನ್ ಸೀಮೆಯಲ್ಲಿ ಬಹುಕಾಲದಿಂದ ಒಂದು ದಾರುಣವಾದ ವ್ಯಾಧಿಯಿದ್ದಿತು. ಹೊಟ್ಟೆಯಲ್ಲಿ ಕರುಳು ಹಿಂಡಿದಂತೆ ಶೂಲೆ, ಬಿಡದ ಮಲಬದ್ಧತೆ, ಕಡೆಗೆ ಕೈಗಳ ಬಲವು ಉಡುಗಿ ಮಣಿಕಟ್ಟು ಜೋತುಬೀಳುವುದು, ಇವು ಅದರ ಲಕ್ಷಣಗಳು. ಸೈಡರಿನ ಹುಳಿಯೇ ಇದಕ್ಕೆ ಕಾರಣವೆಂದು ಹಿಂದಿನ ವೈದ್ಯರು ಬರೆದಿದ್ದರು. ಜಾರ್ಜ್ ಬೇಕರ್ ಎಂಬ ವೈದ್ಯನು ಡೆವನ್ನಿನಲ್ಲಿಯೇ ಹುಟ್ಟಿದವನು. ಎಕ್ಸೆಟರ್ ನಗರದ ಆಸ್ಪತ್ರೆಗೆ 1762ರಿಂದ 1767ರೊಳಗೆ ಈ ಶೂಲೆಯಿಂದ 280ಕ್ಕೂ ಮಿಕ್ಕಿದ ರೋಗಿಗಳು ಸೇರಿದ್ದುದನ್ನು ಅವನು ಗಮನಿಸಿದನು. ಹೆರೆಫರ್ಡಿನವರೂ ಸೈಡರನ್ನೇ ಕುಡಿಯುವರು. ಅವರಿಗೇಕೆ ಈ ರೋಗವಿಲ್ಲ? ಈ ಒಂದು ಪ್ರಶ್ನೆಯಿಂದಲೇ ಗಂಟು ಸಡಿಲವಾಯಿತು. ಡೆವನ್ನಿನ ಗಾಣಗಳ ಕಲ್ಲುಗಳನ್ನು ಸೀಸದಿಂದ ಬೆಸೆಯುತ್ತಿದ್ದರು. ಹಿಂಡುವ ಹಲಗೆಗಳಿಗೂ ಹಲವೆಡೆ ಸೀಸದ ತಗಡನ್ನು ಹೊದಿಸಿದ್ದರು. ಹೆರೆಫರ್ಡಿನಲ್ಲಿ ಆ ವಾಡಿಕೆಯಿರಲಿಲ್ಲ. ಹುಳಿರಸವು ಸೀಸವನ್ನು ಕರಗಿಸಿಕೊಳ್ಳುವುದು. ಬೇಕರನು ಗಂಧಕದ ದ್ರಾವಣವನ್ನು ಎರಡು ಸೀಮೆಗಳ ಸೈಡರಿಗೂ ಬೆರೆಸಿ ನೋಡಿದಾಗ ಡೆವನ್ನಿನದು ಕಪ್ಪಿಟ್ಟಿತು, ಹೆರೆಫರ್ಡಿನದು ಹಾಗಾಗಲಿಲ್ಲ. 1767ರಲ್ಲಿ ಲಂಡನ್ನಿನ ವೈದ್ಯವಿದ್ವತ್ಸಭೆಯ ಮುಂದೆ ಈ ವಿಷಯವನ್ನು ಓದಿದನು.

ಹುಟ್ಟೂರಿನವರು ಅವನಿಗೆ ಮಾಲೆ ಹಾಕಲಿಲ್ಲ. ತಯಾರಿಸುವವರು ತಮ್ಮ ಜೀವನೋಪಾಯಕ್ಕೆ ಕಳಂಕ ತಂದನೆಂದು ಕನಲಿದರು. ಪಾದ್ರಿಗಳೂ ಅವನನ್ನು ಖಂಡಿಸಿದರು. ಸುಂಕದವನ ಹೆಜ್ಜೆಯ ಸಪ್ಪಳವು ಇನ್ನೂ ಕಿವಿಯಲ್ಲಿರುವಾಗ, ಹೊರಗಿನಿಂದ ಬಂದು ಗಾಣವನ್ನು ತಡವುವವರೆಲ್ಲ ಶತ್ರುಗಳೆಂದು ತೋರಿದ್ದು ಸಹಜವೇ ಇರಬಹುದು. ಆದರೂ ಒಬ್ಬನು ಪೀಪಾಯಿಯನ್ನು ಎಣಿಸುವುದಕ್ಕೂ ಇನ್ನೊಬ್ಬನು ಅದರೊಳಗಿನ ವಿಷವನ್ನು ತೋರಿಸುವುದಕ್ಕೂ ಅಜಗಜಾಂತರವಿದೆ. ಬಾಯಿಂದ ಒಪ್ಪದಿದ್ದವರೂ ಕ್ರಮೇಣ ಸೀಸವನ್ನು ಕಿತ್ತುಹಾಕಿದರು. ಕೆಲವು ದಶಕಗಳಲ್ಲಿ ಆ ಶೂಲೆಯು ಬಹುಮಟ್ಟಿಗೆ ಅಡಗಿಹೋಯಿತು.

ಸೀಸದ ಸೈಡರು ಕೂಲಿಯವರನ್ನು ವಿಶೇಷವಾಗಿ ಬಾಧಿಸಿತು. ಏಕೆಂದರೆ ಅವರಿಗೆ ಅದು ವಿಲಾಸವಲ್ಲ, ಸಂಬಳದ ಭಾಗ. ಹೊಲದಾಳಿಗೆ ದಿನಕ್ಕೆ ಮೂರು ನಾಲ್ಕು ಪೈಂಟ್ ಸೈಡರನ್ನೂ, ಕೊಯ್ಲಿನ ಕಾಲದಲ್ಲಿ ಅದಕ್ಕಿಂತ ಹೆಚ್ಚನ್ನೂ ಅಳೆದುಕೊಡುತ್ತಿದ್ದರು. ಅವನು ಅದನ್ನು ಚಿಕ್ಕ ಮರದ ಪೀಪಾಯಿಯಲ್ಲಿ ತುಂಬಿಕೊಂಡು ಹೊಲಕ್ಕೆ ಒಯ್ಯುವನು. ಹೆಂಡತಿಮಕ್ಕಳ ಹೊಟ್ಟೆಗೆ ಹೋಗಬೇಕಾದ ಕಾಸು ಯಜಮಾನನ ಗಾಣದಿಂದಲೇ ಗಂಡಸಿನ ಗಂಟಲಿಗೆ ಇಳಿಯುತ್ತಿತ್ತು. ತನ್ನ ಮನೆಯ ಬಾಗಿಲಿನ ಹಕ್ಕಿಗಾಗಿ ಅಷ್ಟು ಕೂಗಾಡಿದ ಯಜಮಾನನು ಈ ಅನ್ಯಾಯವನ್ನು ಕುರಿತು ಕೂಗಲಿಲ್ಲ. 1887ರ ಶಾಸನವು ಕೂಲಿಯ ಬದಲು ಮದ್ಯವನ್ನು ಕೊಡುವುದನ್ನು ನಿಷೇಧಿಸಿತು.

ಅದೇ ವರ್ಷ ಹೆರೆಫರ್ಡಿನಲ್ಲಿ ಪಾದ್ರಿಯ ಮಗನಾದ ಪರ್ಸಿ ಬಲ್ಮರನು ಸೈಡರ್ ಕಾರ್ಖಾನೆಯನ್ನು ಆರಂಭಿಸಿದನು. ಹಿತ್ತಲಿನ ಕಸಬು ಕೈಗಾರಿಕೆಯಾಯಿತು. ಅದಕ್ಕೂ ಮೊದಲೇ ಒಂದು ಜಿಲ್ಲಾಸಂಘವು ಮಾಡಿದ ಕಾರ್ಯವನ್ನು ಇಂತಹ ಪತ್ರಿಕೆಯ ವಾಚಕರು ವಿಶೇಷವಾಗಿ ಗಮನಿಸಬೇಕು. 1851ರಲ್ಲಿ ಸ್ಥಾಪಿತವಾದ ವೂಲ್‌ಹೋಪ್ ಸಂಘದ ಸದಸ್ಯರು ನಶಿಸುತ್ತಿದ್ದ ಹಳೆಯ ಸೇಬಿನ ಜಾತಿಗಳನ್ನು ತೋಟತೋಟಕ್ಕೂ ಹೋಗಿ ಹುಡುಕಿದರು. ಹೆನ್ರಿ ಗ್ರೇವ್ಸ್ ಬುಲ್, ರಾಬರ್ಟ್ ಹಾಗ್ ಇವರ ನೇತೃತ್ವದಲ್ಲಿ 1876ರಿಂದ 1885ರವರೆಗೆ 77 ವರ್ಣಚಿತ್ರಪಟಗಳುಳ್ಳ ‘ಹೆರೆಫರ್ಡ್‌ಷೈರ್ ಪೊಮೊನಾ’ ಎಂಬ ಗ್ರಂಥವು ಬಿಡಿಭಾಗಗಳಾಗಿ ಹೊರಬಂದಿತು. ಚಿತ್ರಗಳನ್ನು ಬರೆದವರು ಆಲಿಸ್ ಎಲ್ಲಿಸ್, ಈಡಿತ್ ಬುಲ್ ಎಂಬ ಇಬ್ಬರು ಮಹಿಳೆಯರು. ಸರ್ಕಾರದ ಕೈ ಕಾಯದೆ ಊರಿನ ವಿದ್ಯಾವಂತರೇ ಮಾಡಿದ ಕೆಲಸವಿದು. 1903ರಲ್ಲಿ ಬ್ರಿಸ್ಟಲ್ಲಿನ ಬಳಿಯ ಲಾಂಗ್ ಆಷ್ಟನ್ನಿನಲ್ಲಿ ಏರ್ಪಟ್ಟ ಸಂಶೋಧನಾಲಯವು ಹುಳಿ, ಒಗರುಗಳ ಪ್ರಮಾಣವನ್ನು ಅಳೆದು ಸೈಡರಿನ ಸೇಬನ್ನು ಸಿಹಿ, ಹುಳಿ, ಒಗರುಸಿಹಿ, ಒಗರುಹುಳಿ ಎಂದು ನಾಲ್ಕಾಗಿ ವಿಂಗಡಿಸಿತು. ಒಂದು ಶತಮಾನ ದುಡಿದು 2003ರಲ್ಲಿ ಅದು ಮುಚ್ಚಿಹೋಯಿತು. ವಿಂಗಡಣೆ ಮಾತ್ರ ಉಳಿದಿದೆ.

ಈಗ ಆ ಸೀಮೆಗಳಿಗೆ ಹೋಗುವ ಯಾತ್ರಿಕರಿಗೆ ಬಾಗಿಲು ತೆರೆದೇ ಇರುವುದು. ಹೆರೆಫರ್ಡಿನಲ್ಲಿ ಬಲ್ಮರರ ಹಳೆಯ ಕಾರ್ಖಾನೆಯ ಕಟ್ಟಡವೇ ಸೈಡರಿನ ವಸ್ತುಸಂಗ್ರಹಾಲಯವಾಗಿದೆ. ಹಳ್ಳಿಗಳಲ್ಲಿ ಕೊಟ್ಟಿಗೆಯ ಒಂದು ಪಕ್ಕವನ್ನೇ ಗುಡಿಸಿ ಬೆಂಚು ಹಾಕಿ, ರುಚಿ ನೋಡುವ ಕೋಣೆಯನ್ನಾಗಿ ಮಾಡಿಕೊಂಡಿರುವರು. ಕಿಂಗ್‌ಸ್ಟನ್ ಬ್ಲ್ಯಾಕ್, ಫಾಕ್ಸ್‌ವೆಲ್ಪ್ ಎಂದು ಜಾತಿಯ ಹೆಸರು ಹೇಳುತ್ತ ಒಂದೊಂದು ಗುಟುಕು ಕೊಡುವರು, ಒಪ್ಪಿದವರು ಕೊಳ್ಳುವರು. ಇಂತಹ ಸಣ್ಣ ತಯಾರಕರು ಉಳಿದುದಕ್ಕೆ ಮುಖ್ಯ ಕಾರಣವು 1976ರಲ್ಲಿ ದೊರೆತ ಒಂದು ವಿನಾಯಿತಿ: ವರ್ಷಕ್ಕೆ 7000 ಲೀಟರಿಗೆ ಮೀರದಂತೆ ಮಾಡುವವರಿಗೆ ಸುಂಕವಿಲ್ಲವೆಂದು ಸರ್ಕಾರವು ಗೊತ್ತುಮಾಡಿತು. ಫಸಲು ಎಷ್ಟು ಬಂದರೂ ಆ ಗೆರೆಯನ್ನು ದಾಟದಂತೆ ಪೀಪಾಯಿಗಳನ್ನು ತಾವೇ ಎಣಿಸಿಕೊಳ್ಳುವವರೂ ಉಂಟು.